ಒಂದು ಸಾಲು ಕೆಳಗೆ

ಸೊಸೆಯ ಕೈ ನೋಡಿದ ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟರು. ಚೀಟಿಯ ಕೆಳಗೆ ಇನ್ನೊಂದು ಸಾಲನ್ನೂ ಗೀಚಿದರು: ಆ ದ್ರಾವಣ ಮುಟ್ಟುವ ಕೆಲಸ ಬಿಡಬೇಕು. ಗೀಚುವುದೇನು ಮಹಾ! ಬಿಟ್ಟು ಮುಂದೆ ಮಾಡುವುದೇನು ಎಂದು ಅವರು ಬರೆಯಲಿಲ್ಲ.

ಒಂಬತ್ತು ವರ್ಷದಿಂದ ಅವಳು ಒಂದು ಹಲ್ಲಿನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಇಕ್ಕಳ, ಸೂಜಿ, ಉದ್ದ ಹಿಡಿಯ ಪುಟ್ಟ ಕನ್ನಡಿಗಳನ್ನು ತೊಳೆಯುತ್ತಿದ್ದಳು. ಮೊದಲು ರಕ್ತ ಉಜ್ಜಬೇಕು, ಆಮೇಲೆ ದ್ರಾವಣದಲ್ಲಿ ನೆನೆಸಬೇಕು, ಆಮೇಲೆ ಹಬೆಯ ಪೆಟ್ಟಿಗೆಗೆ ಹಾಕಬೇಕು. ಅಲ್ಲಿ ಕೊಡುವ ತೆಳು ಗ್ಲೋವ್ಸು ಇಕ್ಕಳದ ಮೊನೆ ತಾಗಿದರೆ ಹರಿಯುತ್ತದೆ. ಹರಿದ ತೂತಿನಿಂದ ದ್ರಾವಣ ಒಳಗಿಳಿದು ನಿಂತರೆ ಬರಿಗೈಯೇ ವಾಸಿ. ಈಗ ಬೆರಳ ಸಂದುಗಳೆಲ್ಲ ಬಿರಿದು ಕೆಂಪಗಾಗಿದ್ದವು. ಮೆಣಸಿನಕಾಯಿ ಹೆಚ್ಚುವಂತಿಲ್ಲ, ಪಾತ್ರೆ ತೊಳೆಯುವಂತಿಲ್ಲ.

ಕೆಲಸ ಬಿಟ್ಟರೆ ಅವಳೂ ಅತ್ತೆಯೂ ಬೆಳಗಿನಿಂದ ಸಂಜೆಯವರೆಗೆ ಒಂದೇ ಅಡುಗೆಮನೆಯಲ್ಲಿ. ಅದನ್ನು ನೆನೆದರೆ ಇಬ್ಬರಿಗೂ ಎದೆ ಧಸಕ್ಕೆನ್ನುತ್ತಿತ್ತು. ಈ ಒಂದು ವಿಷಯದಲ್ಲಿ ಮಾತ್ರ ಅತ್ತೆ ಸೊಸೆಗೆ ಭಿನ್ನಾಭಿಪ್ರಾಯವಿರಲಿಲ್ಲ.

ಅಷ್ಟರಲ್ಲಿ ಕ್ಲಿನಿಕ್ಕಿನ ಮುಂದಿನ ಕೌಂಟರಿನಲ್ಲಿ ಕೂರುವ ಹೆಂಗಸು ಆರು ವಾರದಲ್ಲಿ ಊರು ಬಿಡುತ್ತೇನೆ ಎಂದಳು. ಸೊಸೆ ಕೈಯೊರೆಸಿಕೊಂಡು ಸೀದಾ ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತಳು.

"ಆ ಸೀಟು ನನಗೆ ಕೊಡಿ ಮೇಡಂ."

ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ಕೆಲಸ ಗೊತ್ತು ನಿನಗೆ, ಬೇಡ ಅನ್ನಲ್ಲ. ಆದ್ರೆ ಹಲ್ಲು ಕಟ್ಟಿಸ್ಕೊಳ್ಳೋಕೆ ಈಗ ಹೊರದೇಶದವರು ಬರ್ತಾರೆ. ಕುರ್ಚಿ ನೋಡಿದ್ರೇ ನಡುಗ್ತಾರೆ. ಅವರ ಹತ್ರ ನಾಲ್ಕು ಮಾತಾಡಿ ಸಮಾಧಾನ ಮಾಡ್ಬೇಕು. ಗ್ರಾಮರ್ ಬೇಡ ನನಗೆ, ಅವರು ಆಡೋ ಹಾಗೆ ಆಡ್ಬೇಕು. ಆರು ವಾರದಲ್ಲಿ ಆಗುತ್ತಾ?"

"ಆಗುತ್ತೆ," ಎಂದುಬಿಟ್ಟಳು. ಆಗ ಅವಳಿಗೆ ಬರುತ್ತಿದ್ದ ಇಂಗ್ಲಿಷೆಂದರೆ 'ಸಿಟ್', 'ವೇಟ್', 'ಓಪನ್' ಮೂರೇ.

ಆ ಸಂಜೆ ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ವಿಷಯ ಕೇಳಿ ಗಂಡ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ ನಕ್ಕ. ಅವನು ಶಾಲೆಯ ವ್ಯಾನಿನ ಡ್ರೈವರು.

"ಹದಿನಾಲ್ಕು ವರ್ಷದಿಂದ ವ್ಯಾನ್ ಓಡಿಸ್ತಿದೀನಿ. ಹಿಂದೆ ಕೂತವೆಲ್ಲ ಇಂಗ್ಲಿಷಲ್ಲೇ ಕಿರುಚೋದು. ನನಗೆ ಬಂದಿರೋದು 'ಅಂಕಲ್, ಸ್ಟಾಪ್' ಒಂದೇ. ಇವಳು ಆರು ವಾರದಲ್ಲಿ ಕಲೀತಾಳಂತೆ!"

"ನಿಮಗೆ ಕಿವಿ ಇಲ್ಲ ಅಂತ ನನಗೂ ಇಲ್ವಾ?"

"ಕಲೀಲಿ ಬಿಡೋ," ಎಂದಳು ಅತ್ತೆ. "ಆದ್ರೆ ಈಗಲೇ ಹೇಳಿಬಿಡ್ತೀನಿ, ಸಂಜೆ ಅಡುಗೆ ನನ್ನ ತಲೆಗೆ ಕಟ್ಟಿ ಇವಳು ಪುಸ್ತಕ ಹಿಡ್ಕೊಂಡು ಕೂತ್ರೆ ನಾನು ಸುಮ್ನಿರಲ್ಲ."

"ಈಗಲೂ ನೀವೇ ತಾನೆ ಮಾಡ್ತಿರೋದು, ಅತ್ತೆ?"

"ಮಾಡ್ತಿರೋದಕ್ಕೇ ಹೇಳ್ತಿರೋದು!"

ಹತ್ತನೇ ತರಗತಿಯ ಮಗಳು ತಟ್ಟೆಯ ಪಕ್ಕದ ಫೋನಿನಿಂದ ಕಣ್ಣು ತೆಗೆಯದೆ, "ಅಮ್ಮ, ಅವರು ಆಡೋ ಹಾಗೆ ಅಂದ್ರೆ ಇಡಿಯಮ್ಸು. ನುಡಿಗಟ್ಟು. ಅದು ನಿನ್ನ ಕೈಲಿ ಆಗಲ್ಲ," ಎಂದಳು.

ಇಷ್ಟು ಹೊತ್ತು ತಟ್ಟೆಯಿಂದ ತಲೆಯೆತ್ತದಿದ್ದ ಮಾವ ಎದ್ದು, ಎಂಜಲ ಕೈಯಲ್ಲೇ ಒಳಗೆ ಹೋಗಿ, ಎಡಗೈಯಲ್ಲಿ ಒಂದು ಪುಸ್ತಕ ಹಿಡಿದು ಬಂದರು. ರಟ್ಟಿಗೆ ಹಳೇ ಬಟ್ಟೆ ಅಂಟಿಸಿ ದಪ್ಪ ದಾರದಲ್ಲಿ ಹೊಲಿದದ್ದು.

"ನುಡಿಗಟ್ಟು ಇದರಲ್ಲಿದೆ. ಆರುನೂರು."

ಮಾವ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುತ್ತಿದ್ದವರು. ಒಂದೊಂದೇ ಅಕ್ಷರದ ಸೀಸದ ಮೊಳೆಯನ್ನು ಪೆಟ್ಟಿಗೆಯಿಂದ ಆರಿಸಿ ಸಾಲು ಮಾಡುವ ಕೆಲಸ. ಇಂಗ್ಲಿಷ್ ಮೊಳೆಯ ಪೆಟ್ಟಿಗೆ ಅವರದು, ಕನ್ನಡ ಮೊಳೆಯ ಪೆಟ್ಟಿಗೆ ಇನ್ನೊಬ್ಬನದು. ಜೋಡಿಸಿದ್ದರ ಅರ್ಥ ಮಾವನಿಗೆ ಗೊತ್ತಾಗುತ್ತಿರಲಿಲ್ಲ, ಆದರೆ ಕಾಗುಣಿತ ಒಂದೂ ತಪ್ಪುತ್ತಿರಲಿಲ್ಲ. ಎಡಗಡೆ ಇಂಗ್ಲಿಷ್ ನುಡಿಗಟ್ಟು, ಬಲಗಡೆ ಕನ್ನಡ ಅರ್ಥ ಇರುವ ಈ ಪುಸ್ತಕ ಅಲ್ಲೇ ಅಚ್ಚಾದದ್ದು. ಕೊಂಡುಕೊಳ್ಳುವ ತಾಕತ್ತು ಇರಲಿಲ್ಲ, ಹಾಗಾಗಿ ಮಸಿ ಚೆಲ್ಲಿದ, ಅಂಚು ಹರಿದ, ಓರೆಯಾಗಿ ಬಿದ್ದ ರದ್ದಿ ಹಾಳೆಗಳನ್ನು ಮನೆಗೆ ತಂದು ತಾವೇ ಹೊಲಿದಿದ್ದರು. ಅಚ್ಚಿನ ಮನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅಲ್ಲಿಂದೀಚೆಗೆ ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಹಾಲು ತಂದಿರಾ ಎಂಬುದೊಂದನ್ನು ಬಿಟ್ಟು.

ಮರುದಿನದಿಂದ ಮಾವನದೇ ಕಾನೂನು. ದಿನಾ ಊಟಕ್ಕೆ ಕೂತಾಗ ಎರಡು ನುಡಿಗಟ್ಟು. ಅವರು ಓದಿ ಅರ್ಥ ಹೇಳಬೇಕು, ತಟ್ಟೆ ಖಾಲಿಯಾಗುವುದರೊಳಗೆ ಎಲ್ಲರೂ ಅದನ್ನು ಸರಿಯಾದ ಜಾಗದಲ್ಲಿ ಒಮ್ಮೆ ಬಳಸಬೇಕು. ಬಳಸದವರು ಪಾತ್ರೆ ತೊಳೆಯಬೇಕು.

"ನನ್ನನ್ನ ಸೇರಿಸ್ಬೇಡಿ," ಎಂದಳು ಅತ್ತೆ. "ಅಡುಗೆ ಮಾಡಿ, ಇಂಗ್ಲಿಷ್ ಬೇರೆ ಮಾತಾಡ್ಬೇಕಾ ನಾನು? ಚೆನ್ನಾಗಿದೆ!"

ಮೊದಲ ವಾರ ಏಳು ದಿನವೂ ಪಾತ್ರೆ ತೊಳೆದದ್ದು ಗಂಡ. 'ಪೀಸ್ ಆಫ್ ಕೇಕ್' ಎಂದರೆ ಸುಲಭದ ಕೆಲಸ ಎಂದು ಹೇಳಿಕೊಟ್ಟರೂ ಅವನ ಬಾಯಿಗೆ ಬರುವ ಹೊತ್ತಿಗೆ ಎಲ್ಲರ ಊಟ ಮುಗಿದಿರುತ್ತಿತ್ತು. ಸೊಸೆ ಮಾತ್ರ ಹಟಕ್ಕೆ ಬಿದ್ದಿದ್ದಳು. ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತಾ ಹೋಗುತ್ತಿದ್ದಳು, ಹಬೆಯ ಪೆಟ್ಟಿಗೆಯ ಮುಂದೆ ನಿಂತು ಇಕ್ಕಳಗಳಿಗೆ ಇಂಗ್ಲಿಷಿನಲ್ಲಿ ಬುದ್ಧಿ ಹೇಳುತ್ತಿದ್ದಳು. ಎರಡನೇ ವಾರದಲ್ಲಿ ತರಕಾರಿಯವನು ಬೆಲೆ ಹೇಳದೆ ಬೇರೇನೋ ಮಾತಾಡಿದಾಗ, "ಡೋಂಟ್ ಬೀಟ್ ಅರೌಂಡ್ ದ ಬುಷ್," ಎಂದಳು. ಸುತ್ತಿ ಬಳಸಿ ಮಾತಾಡಬೇಡ ಎಂದು. ಅವನು ಗಾಬರಿಯಾಗಿ ಎರಡು ಸೌತೆಕಾಯಿ ಜಾಸ್ತಿ ಹಾಕಿದ.

"ಇಂಗ್ಲಿಷಿಂದ ಲಾಭ ಇದೆ ಹಾಗಾದ್ರೆ," ಎಂದು ಅತ್ತೆ ಸೌತೆಕಾಯಿ ಎಣಿಸಿಕೊಂಡಳು.

ಮೂರನೇ ವಾರ ಗಂಡ ಉಬ್ಬಿಕೊಂಡು ಬಂದ. ಚಪ್ಪಲಿ ಬಿಚ್ಚುವ ಮೊದಲೇ ಶುರು ಮಾಡಿದ.

"ಇವತ್ತು ವ್ಯಾನಲ್ಲಿ ಹೊಡೆದಾಟ. ಒಬ್ಬರ ಮೇಲೊಬ್ಬರು ಬಿದ್ದು ಇಳೀತಿದಾರೆ. ನಾನು ಹಿಂದೆ ತಿರುಗಿ 'ಹೋಲ್ಡ್ ಯುವರ್ ಹಾರ್ಸಸ್!' ಅಂದೆ ನೋಡು, ಸ್ವಲ್ಪ ತಾಳ್ರೋ ಅಂತ. ಮೂವತ್ತೂ ಗಪ್‌ಚುಪ್!"

"ಹೆದರಿದ್ವಾ?"

"ಡ್ರೈವರ್ ಅಂಕಲ್‌ಗೆ ಇಂಗ್ಲಿಷ್ ಬರುತ್ತೆ ಅಂತ ಹೆದರಿದ್ವು. ಇಷ್ಟು ದಿನ ನನ್ನನ್ನ ಏನೇನು ಬೈದಿದ್ವೋ!"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ಸೊಸೆ ಈ ಮನೆಗೆ ಬಂದ ಮೇಲೆ ನೋಡಿಯೇ ಇರಲಿಲ್ಲ. ಈಗ ಅವರು ದಿನಾ ಶೇವ್ ಮಾಡಿಕೊಂಡು ಊಟಕ್ಕೆ ಕೂರುತ್ತಿದ್ದರು.

ನಾಲ್ಕನೇ ವಾರ ಮನೆ ಕೆಟ್ಟಿತು. ಮಗಳ ಅಂಕಪಟ್ಟಿ ಬಂತು. ಗಣಿತದಲ್ಲಿ ಮೂವತ್ತೊಂದು. ಗಂಡ ಕೆಂಡಾಮಂಡಲವಾಗಿ ಅವಳ ಫೋನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ.

"ಅಮ್ಮ ಮಾತ್ರ ಓದ್ಬೇಕು, ತಾತ ಮಾತ್ರ ಪಾಠ ಹೇಳ್ಬೇಕು, ನನಗೆ ಯಾರಾದ್ರೂ ಗಣಿತ ಹೇಳ್ಕೊಟ್ರಾ?" ಎಂದು ಅವಳು ಅರಚಿದಳು.

"ನೀನು ಕೇಳಿದ್ಯೇನೇ?"

"ಕೇಳಲ್ಲ. ಇನ್ಮೇಲೆ ಯಾರನ್ನೂ ಏನೂ ಕೇಳಲ್ಲ, ಯಾರ ಹತ್ರಾನೂ ಮಾತಾಡಲ್ಲ!"

ತಟ್ಟೆ ತೆಗೆದುಕೊಂಡು ಒಳಕೋಣೆಗೆ ಹೋದವಳು ಅಲ್ಲೇ ಊಟ ಮಾಡತೊಡಗಿದಳು. ಮಾತು ಬಿಟ್ಟರೆ ಬಿಟ್ಟದ್ದೇ, ಅಜ್ಜಿಯ ಮೊಮ್ಮಗಳಲ್ಲವೇ!

ಆ ವಾರದ ಮಂಗಳವಾರ ಮಾವ ಕನ್ನಡಕ ಏರಿಸಿ ಕೆ ಅಕ್ಷರದ ಪುಟ ತೆರೆದರು. ಹಾಳೆಯ ಮೂಲೆಯಲ್ಲಿ ಮಸಿಯ ಕಲೆಯಿತ್ತು. ಬೆರಳಿಟ್ಟು ಓದಿದರು: "ಕಿಕ್ ದ ಬಕೆಟ್. ಧೈರ್ಯವಾಗಿರು, ಎದೆಗುಂದಬೇಡ."

"ಬಕೆಟ್ ಒದ್ರೆ ಧೈರ್ಯ ಹೇಗಪ್ಪಾ ಬರುತ್ತೆ?" ಎಂದ ಗಂಡ.

"ನೀರು ತುಂಬಿದ ಬಕೆಟ್ ಒದೆಯೋಕೆ ಧೈರ್ಯ ಬೇಡ್ವೇನೋ? ಕಾಲು ಮುರಿಯುತ್ತೆ."

ಒಳಕೋಣೆಯಿಂದ ಕಿಸಕ್ಕೆಂಬ ಸದ್ದು ಬಂತು. ಯಾರೂ ಕಿವಿಗೊಡಲಿಲ್ಲ.

"ಸರಿ. ನಾಳೆ ವ್ಯಾನಿನ ಬ್ರೇಕ್ ಪರೀಕ್ಷೆ ಇದೆ, ಐ ವಿಲ್ ಕಿಕ್ ದ ಬಕೆಟ್," ಎಂದ ಗಂಡ. ಮಾವ ತಲೆದೂಗಿದರು.

"ನಮ್ಮ ಡಾಕ್ಟರಮ್ಮನ ಮುಂದೆ ನಿಲ್ಲೋಕೆ ನಾನು ದಿನಾ ಕಿಕ್ ದ ಬಕೆಟ್," ಎಂದಳು ಸೊಸೆ.

ಇದ್ದಕ್ಕಿದ್ದಂತೆ ಅತ್ತೆ ಸೌಟು ಎತ್ತಿದಳು. "ನಿಮ್ಮದೆಲ್ಲ ಏನು! ಈ ಮನೇಲಿ ನಲವತ್ತೈದು ವರ್ಷದಿಂದ ಕಿಕ್ ದ ಬಕೆಟ್ ಮಾಡ್ಕೊಂಡು ಬಂದಿರೋಳು ನಾನು!"

ಅತ್ತೆ ಇಂಗ್ಲಿಷ್ ಮಾತಾಡಿದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಎರಡನೇ ನುಡಿಗಟ್ಟು ಮರೆತೇ ಹೋಯಿತು. ಅಂದು ಪಾತ್ರೆಯನ್ನು ಮಾವನೇ ಸಂತೋಷದಿಂದ ತೊಳೆದರು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಸೊಸೆಯನ್ನು ಅಭ್ಯಾಸಕ್ಕೆಂದು ಕೌಂಟರಿಗೆ ಕರೆದರು. ಹೊರದೇಶದ ಒಬ್ಬ ಮುದುಕ ಹೆಂಡತಿಯ ಜೊತೆ ಬಂದು ಕೂತಿದ್ದ. ದವಡೆ ಹಲ್ಲು ಕೀಳಬೇಕಿತ್ತು. ಆರಡಿ ಎತ್ತರದ ಆಸಾಮಿ, ಹೆಂಡತಿಯ ಕೈ ಬಿಟ್ಟಿರಲಿಲ್ಲ. ಸೊಸೆ ಒಂದು ಲೋಟ ನೀರು ಕೊಟ್ಟಳು. ಮಳೆ ಬಿಸಿಲು ಎಂದು ಎರಡು ಮಾತಾಡಿ, ಕಲಿತ ಎರಡು ನುಡಿಗಟ್ಟನ್ನೂ ಬಳಸಿದಳು. ಮುದುಕ ಕೊಂಚ ನಕ್ಕ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾಕ್ಟರಮ್ಮನ ಮುಖವೂ ಅರಳಿತು. ಸೊಸೆಗೆ ಹುರುಪು ಬಂತು. ಒಳಗೆ ಕರೆಯುವ ಹೊತ್ತಿಗೆ ಅವನ ಹೆಗಲ ಹತ್ತಿರ ಬಾಗಿ, ತಾಯಿ ಮಗುವಿಗೆ ಹೇಳುವಂತೆ ಹೇಳಿದಳು:

"ಪ್ಲೀಸ್ ಸರ್, ಕಿಕ್ ದ ಬಕೆಟ್. ಹಿಯರ್, ಎವ್ರಿಬಡಿ ಕಿಕ್ಸ್ ದ ಬಕೆಟ್."

ಮುದುಕನ ಮುಖ ಸುಣ್ಣದ ಗೋಡೆಯಾಯಿತು. ಲೋಟ ಕೆಳಗಿಟ್ಟು ಎದ್ದ. ಹೆಂಡತಿ ಚೀಲ ತೆಗೆದುಕೊಂಡಳು. ಡಾಕ್ಟರಮ್ಮ ಹಿಂದೆ ಓಡಿದರೂ ಇಬ್ಬರೂ ನಿಲ್ಲಲಿಲ್ಲ, ಗಾಡಿ ಹತ್ತಿಬಿಟ್ಟರು.

ಡಾಕ್ಟರಮ್ಮ ಬಾಗಿಲು ಹಾಕಿಕೊಂಡರು. "ಏನು ಹೇಳಿದೆ ಗೊತ್ತಾ ನೀನು?"

"ಧೈರ್ಯವಾಗಿರಿ, ಇಲ್ಲಿಗೆ ಬಂದೋರೆಲ್ಲ ಧೈರ್ಯವಾಗಿರ್ತಾರೆ ಅಂತ."

"ಗೊಟಕ್ ಅನ್ನಿ ಅಂದೆ! ದಯವಿಟ್ಟು ಗೊಟಕ್ ಅನ್ನಿ ಸಾರ್, ಇಲ್ಲಿಗೆ ಬಂದೋರೆಲ್ಲ ಗೊಟಕ್ ಅಂತಾರೆ ಅಂದೆ! ಸಾಯೋದಕ್ಕೆ ಹೇಳೋ ಮಾತು ಅದು!"

ಸೊಸೆ ಮುದುಕ ಇಟ್ಟುಹೋದ ಲೋಟವನ್ನು ಕೈಗೆತ್ತಿಕೊಂಡಳು.

"ಹಿಂದಿನ ರೂಮಿಗೆ ನಡಿ. ಸೋಮವಾರ ಒಬ್ಬ ಹುಡುಗಿ ಬರ್ತಾಳೆ, ಓದಿದೋಳು. ಅವಳನ್ನೇ ನೋಡ್ತೀನಿ," ಎಂದರು ಡಾಕ್ಟರಮ್ಮ.

ಸಂಜೆ ಅವಳು ಚೀಲ ಇಳಿಸದೆ ನಡುಮನೆಯಲ್ಲೇ ನಿಂತು ನಡೆದದ್ದನ್ನು ಹೇಳಿದಳು. ಅಳಲಿಲ್ಲ. ಬಿರುಕು ಬಿಟ್ಟ ಎರಡೂ ಕೈಗಳನ್ನು ಮುಂದೆ ಚಾಚಿ, "ಈ ಕೈ ಇನ್ನೂ ಎಷ್ಟು ವರ್ಷ ತಡೆಯುತ್ತೆ ಹೇಳಿ?" ಎಂದು ಕೇಳಿದಳು.

ಮಾವ ಪುಸ್ತಕ ತಂದು ಆ ಸಾಲಿಗೆ ಬೆರಳಿಟ್ಟರು. "ಇಲ್ಲೇ ಇದೆಯಲ್ಲಮ್ಮಾ. ಕಿಕ್ ದ ಬಕೆಟ್. ಎದುರಿಗೆ ಧೈರ್ಯವಾಗಿರು. ಅಚ್ಚಾಗಿದೆ."

"ಅದರ ಕೆಳಗಿಂದು ಓದಿ," ಎಂದಳು ಅತ್ತೆ.

"ಕಿಲ್ ಟೂ ಬರ್ಡ್ಸ್ ವಿತ್ ಒನ್ ಸ್ಟೋನ್."

"ಬರ್ಡ್ಸ್ ಅಂದ್ರೆ ಹಕ್ಕಿ ತಾನೆ? ಅಷ್ಟು ನನಗೂ ಬರುತ್ತೆ. ಸ್ಟೋನ್ ಅಂದ್ರೆ ಕಲ್ಲು. ಅದಕ್ಕೇನು ಅರ್ಥ ಬರೆದಿದಾರೆ?"

"ಸಾಯು. ಪ್ರಾಣ ಬಿಡು."

"ಒಂದೇ ಕಲ್ಲಲ್ಲಿ ಎರಡು ಹಕ್ಕಿ ಹೊಡೆದ್ರೆ ಹೊಡೆದೋನು ಯಾಕ್ರೀ ಸಾಯ್ತಾನೆ? ಅದು ನಮ್ಮಲ್ಲೂ ಇರೋ ಮಾತೇ ಅಲ್ವಾ? ಒಂದೇ ಏಟಿಗೆ ಎರಡು ಕೆಲಸ ಅಂತ ಇರ್ಬೇಕು. ಎಲ್ಲಿದೆ ನೋಡಿ ಅದು."

ಅದು ಇನ್ನೊಂದು ಸಾಲು ಕೆಳಗಿತ್ತು. ಇಂಗ್ಲಿಷ್ ಸಾಲುಗಳು ತಮ್ಮ ಜಾಗದಲ್ಲೇ ಇದ್ದವು. ಕನ್ನಡದ ಸಾಲುಗಳೆಲ್ಲ ಒಂದೊಂದು ಸಾಲು ಕೆಳಗಿಳಿದಿದ್ದವು. ಹಿಂದಿನ ಪುಟದ ಕೊನೆಯ ಅರ್ಥ ಈ ಪುಟದ ತಲೆಗೆ ಬಂದು ಕೂತಿತ್ತು. ಇಡೀ ಪುಟವೇ ತಪ್ಪು. ಎ ಬಿ ಸಿ ಓದದ ಅತ್ತೆ ಅದನ್ನು ಕಂಡುಹಿಡಿದಳು.

"ನನಗೆ ಗೊತ್ತಿತ್ತು," ಎಂಬ ಮಾತು ಒಳಗಿನಿಂದ ಬಂತು. ಮಗಳು ಬಾಗಿಲಲ್ಲಿ ನಿಂತಿದ್ದಳು. "ಕಿಕ್ ದ ಬಕೆಟ್ ಅಂದ್ರೆ ಏನು ಅಂತ ನಿನ್ನೆನೇ ಗೊತ್ತಿತ್ತು. ಮಾತು ಬಿಟ್ಟಿದ್ನಲ್ಲ, ಅದಕ್ಕೆ ಹೇಳ್ಲಿಲ್ಲ. ನೀವೆಲ್ಲ ಮನೇಲಿ ಮಾತ್ರ ಹೇಳ್ಕೋತೀರ ಅಂದ್ಕೊಂಡೆ ಅಮ್ಮ..." ಎಂದವಳು ಬಿಕ್ಕಿ ಬಿಕ್ಕಿ ಅತ್ತಳು.

ಸೊಸೆಗೆ ಅವಳನ್ನು ಹೊಡೆಯಬೇಕು ಅನ್ನಿಸಿತು. ಕೈಯನ್ನೂ ಎತ್ತಿದಳು. ಎತ್ತಿದ ಕೈಯ ಬಿರುಕು ನೋಡಿ ತಾನೇ ಇಳಿಸಿದಳು.

ಸಿಟ್ಟೆಲ್ಲ ಗಂಡನಿಗೆ ಬಂತು. ಅದು ಅಪ್ಪನ ಮೇಲೆ ತಿರುಗಿತು. "ರದ್ದಿ ಹಾಳೆ ಅಂತ ಗೊತ್ತಿದ್ದೂ ತಂದು ಹೊಲಿದು ಇಟ್ಕೊಂಡಿದೀರಲ್ಲಪ್ಪಾ! ಯಾವ ಹಾಳೆ ಯಾಕೆ ರದ್ದಿ ಆಯ್ತು ಅಂತ ಒಂದು ಸಲ ನೋಡ್ಬಾರ್ದಾ? ಅವಳ ಅನ್ನಕ್ಕೆ ಕಲ್ಲು ಹಾಕಿದ್ರಿ!"

ಮಾವ ಆ ಪುಟವನ್ನು ಮತ್ತೊಮ್ಮೆ ನೋಡಿದರು. ಮುಖ ಬಿಳಿಚಿತು. ಪುಸ್ತಕ ಮುಚ್ಚಿ ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೂ ಏಳಲಿಲ್ಲ. ಮರುದಿನ ಶೇವ್ ಮಾಡಿಕೊಳ್ಳಲಿಲ್ಲ.

ಗುರುವಾರ ಮಧ್ಯಾಹ್ನ ಸೊಸೆ ಇಕ್ಕಳ ಉಜ್ಜುತ್ತಾ ಒಂದು ವಿಷಯ ಯೋಚಿಸಿದಳು. ಬಿಟ್ಟು ಹೋದ ಆ ಮುದುಕನ ಹಲ್ಲು ಇನ್ನೂ ಅವನ ಬಾಯಲ್ಲೇ ಇದೆ. ಕೀವು ತುಂಬಿದ ಹಲ್ಲು. ಡಾಕ್ಟರಮ್ಮ ಫೋನು ಮಾಡುವವರಲ್ಲ, ಬಂದರೆ ಬರಲಿ ಎನ್ನುವವರು. ಅವಳು ಕೌಂಟರಿನ ಹೆಂಗಸಿನಿಂದ ಅವನ ನಂಬರು ಚೀಟಿಯಲ್ಲಿ ಬರೆಸಿಕೊಂಡಳು.

"ನಾನು ಫೋನ್ ಮಾಡ್ತೀನಿ," ಎಂದಳು, ಸಂಜೆ ಮನೆಯಲ್ಲಿ.

"ಹುಚ್ಚಾ ನಿನಗೆ?" ಎಂದ ಗಂಡ. "ಒಂದು ಸಲ ಆಗಿದ್ದು ಸಾಲ್ದಾ?"

ಮಗಳು ಈ ಒಂದು ದಿನದಲ್ಲಿ ಅಮ್ಮನ ಸೆರಗು ಬಿಟ್ಟಿರಲಿಲ್ಲ. ನೋಟುಪುಸ್ತಕದ ಹಾಳೆಯ ತುಂಬಾ ಚೆಂದದ ಇಂಗ್ಲಿಷಿನಲ್ಲಿ ಕ್ಷಮಾಪಣೆ ಬರೆದುಕೊಟ್ಟಳು. ಅದರಲ್ಲಿ ಮೂರು ನುಡಿಗಟ್ಟಿದ್ದವು. ಸೊಸೆ ಎರಡು ಸಾಲು ಓದಿ ಬೆವೆತಳು.

"ಅದನ್ನ ಆ ಕಡೆ ಇಡು," ಎಂದಳು ಅತ್ತೆ. "ಓದಿ ಒಪ್ಪಿಸೋ ಮಾತಾ ಇದು? ನಿನಗೆ ಬಂದಷ್ಟು ಹೇಳು. ಇಲ್ಲ ಅಂದ್ರೆ ಫೋನು ಮುಟ್ಟಬೇಡ."

ಸೊಸೆ ನಂಬರು ಒತ್ತಿದಳು. ಮುದುಕನೇ ಎತ್ತಿದ. ನಾಲ್ಕು ಜನ ಫೋನಿನ ಸುತ್ತ ತಲೆ ಕೂಡಿಸಿ ಕೂತರು. ಮಾವ ಮಂಚದಿಂದ ಏಳದಿದ್ದರೂ ಮುಖ ಈ ಕಡೆ ತಿರುಗಿಸಿದ್ದರು.

"ಸರ್, ಐ ಟೂತ್ ಕ್ಲಿನಿಕ್ ಲೇಡಿ. ಬಕೆಟ್ ಲೇಡಿ," ಎಂದಳು ಸೊಸೆ. "ಮೈ ಬುಕ್ ರಾಂಗ್, ಸರ್. ಐ ಲರ್ನ್ ರಾಂಗ್. ಯು ನೋ ಡೈ. ಟೂತ್ ಗೋ. ಯು ಸ್ಟೇ." ಒಮ್ಮೆ ಅತ್ತೆಯ ಮುಖ ನೋಡಿದಳು. "ಯು ಕಮ್. ಐ ಸಿಟ್ ನಿಯರ್. ಐ ಹೋಲ್ಡ್ ಹ್ಯಾಂಡ್. ಫುಲ್ ಟೈಮ್."

ಆ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಅಳುತ್ತಿದ್ದಾನೆ ಎಂದುಕೊಂಡಳು. ಅಳುವಲ್ಲ, ಊದಿದ ಕೆನ್ನೆಯಲ್ಲಿ ನಗುತ್ತಿದ್ದ. ನಗುವಿಗೊಮ್ಮೆ ಹಲ್ಲು ನೊಂದು 'ಔ' ಎನ್ನುತ್ತಿದ್ದ. ಹೆಂಡತಿ ಫೋನು ತೆಗೆದುಕೊಂಡು ನಿಧಾನವಾಗಿ, ಬಿಡಿಸಿ ಬಿಡಿಸಿ, ಅವನು ಎರಡು ದಿನದಿಂದ ಗಂಜಿಯನ್ನೂ ಕುಡಿದಿಲ್ಲ, ನಾಳೆ ಹತ್ತು ಗಂಟೆಗೆ ಬರುತ್ತೇವೆ ಎಂದಳು.

ಬಂದರು. ಶುಕ್ರವಾರ ಹತ್ತು ಗಂಟೆಗೆ ಮುದುಕ ಕುರ್ಚಿಯಲ್ಲಿ ಕೂತು ಡಾಕ್ಟರಮ್ಮನನ್ನು ನೋಡಲೂ ಇಲ್ಲ, ಹಿಂದಿನ ಕೋಣೆಯ ಬಾಗಿಲು ತೋರಿಸಿ 'ಬಕೆಟ್ ಲೇಡಿ' ಎಂದ. ಸೊಸೆ ಸ್ಟೂಲು ಎಳೆದು ಕೂತು ಕೈ ಕೊಟ್ಟಳು. ಸೂಜಿ ಚುಚ್ಚುವಾಗ, ಹಲ್ಲು ಅಲ್ಲಾಡಿಸುವಾಗ, ಎಳೆಯುವಾಗ ಅವನು ಆ ಕೈಯನ್ನು ಜೀವ ಹೋಗುವಂತೆ ಹಿಂಡಿದ. ಅವಳು ಕೈ ಎಳೆದುಕೊಳ್ಳಲಿಲ್ಲ. ಹಲ್ಲು ಬಂತು. ಅವನು ಕೈ ಬಿಟ್ಟಾಗ ಅವನ ಅಂಗೈಯಲ್ಲಿ ರಕ್ತವಿತ್ತು.

"ಇದೆಲ್ಲಿಂದ ಬಂತು?" ಎಂದು ಡಾಕ್ಟರಮ್ಮ ಅವನ ಬಾಯಿ ನೋಡಿದರು, ಅವನ ಕೈ ನೋಡಿದರು. ಆಮೇಲೆ ಸೊಸೆಯ ಕೈ ತಿರುಗಿಸಿ ನೋಡಿದರು. ಬಿರುಕುಗಳೆಲ್ಲ ಬಾಯಿ ತೆರೆದಿದ್ದವು. "ಇದೇನೇ ಇದು? ಯಾವಾಗಿಂದ ಹೀಗಿದೆ?"

"ನಾಲ್ಕು ವರ್ಷ ಆಯ್ತು ಮೇಡಂ."

ಮುದುಕನ ಹೆಂಡತಿ ಸೊಸೆಯ ಕೈಗೆ ತನ್ನ ಕರವಸ್ತ್ರ ಕಟ್ಟುತ್ತಿದ್ದಳು. "ಆ ಹುಡುಗಿಗೆ ಬರ್ಬೇಡ ಅಂತ ಹೇಳ್ತೀನಿ. ಸೋಮವಾರದಿಂದ ನೀನೇ ಮುಂದೆ ಕೂತ್ಕೋ," ಎಂದರು ಡಾಕ್ಟರಮ್ಮ.

ಇಲ್ಲಿಗೆ ಸುಮ್ಮನಾಗಿ ಥ್ಯಾಂಕ್ಸ್ ಹೇಳಿ ಬರಬಹುದಿತ್ತು. ಸೊಸೆ ಹಾಗೆ ಮಾಡಲಿಲ್ಲ.

"ಕೂತ್ಕೋತೀನಿ ಮೇಡಂ. ಆದ್ರೆ ಹಿಂದಿನ ರೂಮಿಗೆ ಇನ್ನೊಬ್ಬಳು ಬರ್ತಾಳಲ್ಲ, ಅವಳಿಗೆ ಮೊಣಕೈವರೆಗೆ ಬರೋ ದಪ್ಪ ಗ್ಲೋವ್ಸ್ ತರ್ಸಿ. ಅವಳು ಬರೋ ಮೊದಲೇ ತರ್ಸಿ."

"ನೀನ್ಯಾಕೆ ಒಂದು ದಿನಾನೂ ಕೇಳಲಿಲ್ಲ?"

"ಬಾಯಿ ಬರಲಿಲ್ಲ ಮೇಡಂ. ಈಗ ಬಂತು, ಕೇಳಿದೆ."

ಆ ಸಂಜೆ ಆಲೂಗಡ್ಡೆ ಹುರಿದು, ಮೊಟ್ಟೆ ಬೇಯಿಸಿ, ಅತ್ತೆ ಅನ್ನಕ್ಕೆ ಬೆಣ್ಣೆಯನ್ನೂ ಹಾಕಿದಳು. ಮಗಳು ನಡುಮನೆಯಲ್ಲೇ ಕೂತು ಊಟ ಮಾಡಿದಳು. ಸೊಸೆ ಕೈಗೆ ಬಟ್ಟೆ ಸುತ್ತಿಕೊಂಡು ಚಮಚದಲ್ಲಿ ತಿನ್ನುತ್ತಾ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಗ್ಲೋವ್ಸಿನ ಮಾತು ಬಂದಾಗ ಗಂಡ, "ಬರೋಳು ಯಾರೋ ಏನೋ, ಅವಳಿಗೋಸ್ಕರ ನೀನ್ಯಾಕೆ ಬಾಯಿ ಕೆಡಿಸ್ಕೊಂಡೆ? ಸೀಟು ಹೋಗಿದ್ರೆ?" ಎಂದ.

"ಹೋಗಿದ್ರೆ ಹೋಗ್ತಿತ್ತು ರೀ. ನನ್ನ ಕೈಗೆ ಆದದ್ದು ಅವಳ ಕೈಗೂ ಆಗ್ಲಿ ಅಂತ ಸುಮ್ನೆ ಕೂರ್ಲಾ?"

ಮಾವನ ಕೈ ತಟ್ಟೆಯಲ್ಲೇ ನಿಂತುಹೋಯಿತು.

"ಆ ಪುಟ ನಾನೇ ಕಟ್ಟಿದ್ದು," ಎಂದರು.

ಎರಡು ದಿನದಿಂದ ಬಾಯಿಬಿಡದವರು ಮಾತಾಡಿದ್ದಕ್ಕೆ ಎಲ್ಲರೂ ತಿರುಗಿದರು.

"ಆ ಹಾಳೇನೂ ಈ ಪುಸ್ತಕಕ್ಕೆ ಸೇರಿದೆ ಅಂತ ನನಗೆ ಗೊತ್ತಿರಲಿಲ್ಲ. ಕನ್ನಡದ ಸಾಲು ಜೋಡಿಸಿದ್ದು ನನ್ನ ಜೊತೆಗಿದ್ದ ಕನ್ನಡ ಮೊಳೆಯವನು. ಸರಿಯಾಗೇ ಜೋಡಿಸಿದ್ದ. ಎರಡನ್ನೂ ಪಕ್ಕ ಪಕ್ಕ ಇಟ್ಟು ದಾರ ಸುತ್ತಿ ಪುಟ ಕಟ್ಟಿದ್ದು ನಾನು. ಹಿಂದಿನ ಪುಟದ ಕೊನೇ ಸಾಲನ್ನ ಸೇರಿಸ್ಕೊಂಡು ಕನ್ನಡವನ್ನೆಲ್ಲ ಒಂದು ಸಾಲು ಕೆಳಗಿಟ್ಟುಬಿಟ್ಟೆ. ನಾನೂರು ಹಾಳೆ ಅಚ್ಚಾದ ಮೇಲೆ ಯಜಮಾನರು ನೋಡಿದ್ರು. ಯಾರದು ತಪ್ಪು ಅಂತ ಕೂಗಾಡಿದ್ರು. ಅವನು ಊಟಕ್ಕೆ ಹೋಗಿದ್ದ. ನಾನು..." ಮಾವ ನೀರು ಕುಡಿದರು. "ಕನ್ನಡದವನದು ಅಂದೆ. ಊಟ ಮುಗಿಸಿ ಬಂದವನನ್ನ ಒಳಗೇ ಬಿಡಲಿಲ್ಲ."

"ಯಾರು?" ಎಂದಳು ಅತ್ತೆ. "ಇವನು ಹುಟ್ಟಿದಾಗ ತೊಟ್ಟಿಲು ತಲೆ ಮೇಲೆ ಹೊತ್ಕೊಂಡು ಬಂದಿದ್ನಲ್ಲ, ಅವನಾ?"

"ಅವನೇ."

"ಬೇರೆ ಊರಲ್ಲಿ ಒಳ್ಳೆ ಕೆಲಸ ಸಿಕ್ತು, ಹೋದ ಅಂದಿದ್ರಿ ನೀವು ನನಗೆ."

"ಎಲ್ಲೂ ಹೋಗಿಲ್ಲ. ಮೂವತ್ತೈದು ವರ್ಷದಿಂದ ಇಲ್ಲೇ ಇದಾನೆ. ಮಾರ್ಕೆಟ್ಟಿನ ಹಿಂದೆ ಸೈಕಲ್ಲಿಗೆ ಪಂಕ್ಚರ್ ಹಾಕ್ತಾನೆ. ಆ ರಸ್ತೆಗೇ ಹೋಗಲ್ಲ ನಾನು."

ಗಂಡ ಏನೋ ಹೇಳಲು ಹೊರಟ. ಅತ್ತೆ ಕಣ್ಣಲ್ಲೇ ಸುಮ್ಮನಿರಿಸಿದಳು. ಅವಳು ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಬೈಯಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಭಾನುವಾರ ವ್ಯಾನಿಗೆ ರಜಾ ತಾನೆ?" ಎಂದು ಮಗನನ್ನು ಕೇಳಿದಳು.

"ರಜಾ ಅಮ್ಮ."

"ಹೋಗಿ ಏನಂತ ಹೇಳ್ಲೇ?" ಎಂದರು ಮಾವ. "ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಇರೋದು ಒಂದೇ ಮುಖ. ಅದನ್ನೇ ಇಟ್ಕೊಂಡು ಬನ್ನಿ. ಊಟ ಮಾಡಿ ಈಗ."

ಭಾನುವಾರ ಬೆಳಿಗ್ಗೆ ಐದೂ ಜನ ವ್ಯಾನಿನಲ್ಲಿ ಕೂತರು. ಮಕ್ಕಳ ಸೀಟು, ದೊಡ್ಡವರ ಮಂಡಿ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಗಂಡ ವ್ಯಾನು ನಿಲ್ಲಿಸಿದ. ಆಚೆ ಬದಿಯ ತಗಡಿನ ನೆರಳಲ್ಲಿ ಒಬ್ಬ ಮುದುಕ ಬೋಗುಣಿ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ಬಗ್ಗಿ ನೋಡುತ್ತಿದ್ದ.

ಸೊಸೆ ಬಾಗಿಲು ತೆರೆದು ಮಾವನಿಗೆ ಕೈ ಕೊಡಲು ಹೋದಳು. ಅವರು ಆಗಲೇ ಇಳಿದಿದ್ದರು. ನಡುವೆ ಸೈಕಲ್ಲು, ಸ್ಕೂಟರು, ತಳ್ಳುಗಾಡಿ. ದಾಟಲು ದಾರಿ ಸಿಗುತ್ತಿರಲಿಲ್ಲ. ಮುದುಕ ಟ್ಯೂಬಿನಿಂದ ಕಣ್ಣೆತ್ತಿ ಈ ಕಡೆ ನೋಡಿದ, ಗುರುತು ಹಿಡಿದ, ಮೆಲ್ಲಗೆ ಎದ್ದು ನಿಂತ.

ಮಾವ ದಾಟುವವರೆಗೆ ಕಾಯಲಿಲ್ಲ. ರಸ್ತೆಯ ಈ ಬದಿಯಲ್ಲೇ ನಿಂತು, ಮಾರ್ಕೆಟ್ಟಿನ ಜನರೆಲ್ಲ ತಿರುಗಿ ನೋಡುವಂತೆ ಕೂಗಿದರು:

"ತಪ್ಪು ನಂದು ಕಣೋ! ಆ ಪುಟದ ತಪ್ಪು ನಂದು!"